ಪಾಚಿಜಾಲರಿಗೆ ಹರಿಸಿದ ನೀರು

ಬೊಮ್ಮಸಂದ್ರದ ಒಂದು ಔಷಧಿ ಕಾರ್ಖಾನೆಯಲ್ಲಿ ನಾನು ಎಲೆಕ್ಟ್ರಿಷಿಯನ್ ಆಗಿದ್ದೆ. ಅಲ್ಲಿ ಯಾವುದಾದರೂ ಪ್ಯಾನೆಲ್ ಮುಟ್ಟುವ ಮುಂಚೆ ಸ್ವಿಚ್ಚಿಗೆ ಬೀಗ ಜಡಿದು, ಕೆಂಪು ಚೀಟಿ ಕಟ್ಟಿ, ಬೀಗದ ಕೈ ಜೇಬಿಗೆ ಹಾಕಿಕೊಂಡು, ಟೆಸ್ಟರ್ ಇಟ್ಟು ಒಂದಲ್ಲ ಎರಡು ಸಲ ನೋಡಬೇಕು. ಅಷ್ಟಾದ ಮೇಲೂ ಮೊದಲು ಮುಟ್ಟುವುದು ಬೆರಳಿನ ಹಿಂಬದಿಯಿಂದ. ಕರೆಂಟ್ ಇದ್ದರೆ ಅಂಗೈ ಮುಚ್ಚಿಕೊಂಡು ತಂತಿಯನ್ನೇ ಬಿಗಿಯಾಗಿ ಹಿಡಿದುಬಿಡುತ್ತದೆ. ಹಿಂಬದಿಯಾದರೆ ಕೈ ತಾನಾಗೇ ಹಿಂದಕ್ಕೆ ಬರುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಇದನ್ನೆಲ್ಲ ಹೇಳಿಕೊಡುತ್ತಿದ್ದವನು ನಾನೇ. ಮನೆಯಲ್ಲಿ ಮಾತ್ರ ಇದರಲ್ಲಿ ಒಂದನ್ನೂ ಪಾಲಿಸಲಿಲ್ಲ.

ನಮ್ಮದು ಕಾರ್ಖಾನೆಯಿಂದ ಸ್ವಲ್ಪ ದೂರದ ಹಳ್ಳಿಯಲ್ಲಿ ಬಾಡಿಗೆ ಮನೆ. ಹಳ್ಳಿ ಅನ್ನುವುದು ಹೆಸರಿಗಷ್ಟೆ. ರಾಗಿ ಹೊಲಗಳೆಲ್ಲ ಶೆಡ್ಡುಗಳಾಗಿ, ಶೆಡ್ಡುಗಳ ನಡುವೆ ಮೂರಂತಸ್ತಿನ ಮನೆಗಳು ಎದ್ದಿದ್ದವು. ಕೆಳಗಡೆ ಮೂವರು: ಮನೆ ಓನರ್, ಅವರ ಹೆಂಡತಿ, ಅವರ ತಾಯಿ. ಮೊದಲ ಮಹಡಿಯಲ್ಲಿ ನಾನು, ನನ್ನ ಹೆಂಡತಿ. ಓನರ್ ಸರಕು ಸಾಗಿಸುವ ಟೆಂಪೋ ಓಡಿಸುತ್ತಿದ್ದರು. ಅಜ್ಜಿಗೆ ಎಪ್ಪತ್ತು ದಾಟಿತ್ತು. ಹೊಲ ಹೋದರೂ ಕೈ ಸುಮ್ಮನಿರದೆ, ಹಿತ್ತಲಿನ ಆರಡಿ ಜಾಗದಲ್ಲಿ ದಂಟು, ಕೊತ್ತಂಬರಿ ಬೆಳೆಯುತ್ತಿದ್ದರು. ನನ್ನನ್ನು ಕರೆಯುತ್ತಿದ್ದುದು 'ಕರೆಂಟಪ್ಪ' ಅಂತ. ಫ್ಯೂಸ್ ಹೋದರೂ ಕರೆಂಟಪ್ಪ, ಮಿಕ್ಸಿ ಕೆಟ್ಟರೂ ಕರೆಂಟಪ್ಪ.

ಒಂದು ಬೇಸಿಗೆಯಲ್ಲಿ ಕರೆಂಟ್ ತೆಗೆಯುವುದು ಜಾಸ್ತಿಯಾಗಿ ಓನರ್ ಇನ್ವರ್ಟರ್ ತಂದರು. ವೈರಿಂಗ್ ನಾನೇ ಮಾಡಿದೆ. "ನಿಮಗೂ ಒಂದು ಫ್ಯಾನು, ಒಂದು ಲೈಟು ಎಳ್ಕೊಳಿ, ಪರ್ವಾಗಿಲ್ಲ" ಅಂದರು. ಅವರ ಹಾಲಿನ ಸ್ವಿಚ್‌ಬೋರ್ಡಿನಿಂದ ನೇರ ಮೇಲಕ್ಕೆ ಚಾವಣಿ ಕೊರೆದು, ಪೈಪ್ ಹಾಕಿ, ನಮ್ಮ ಹಾಲಿನ ಮೂಲೆಗೆ ವೈರ್ ತಂದೆ. ನೀರು ಇಳಿಯದಂತೆ ಆ ಪೈಪಿನ ಬಾಯಿಯನ್ನು ನೆಲದಿಂದ ನಾಲ್ಕಿಂಚು ಎತ್ತರಿಸಿ ಬಿಡಬೇಕಿತ್ತು. ಕಾಲಿಗೆ ತಗಲುತ್ತದೆ, ನೋಡಲು ಚೆನ್ನಾಗಿರುವುದಿಲ್ಲ ಅಂತ ನೆಲಕ್ಕೆ ಸಮನಾಗಿ ಕೊಯ್ದುಬಿಟ್ಟೆ. ಕೆಲವು ತಿಂಗಳ ನಂತರ ಅದೇ ಮೂಲೆಗೆ ಮೀನಿನ ತೊಟ್ಟಿ ಬಂತು. ಸ್ಟ್ಯಾಂಡಿನ ಹಿಂದೆ ಪೈಪಿನ ಬಾಯಿ ಮರೆಯಾಯಿತು. ಕಣ್ಣಿಗೆ ಕಾಣದ್ದು ಮನಸ್ಸಿನಿಂದಲೂ ಹೋಯಿತು.

ಮೀನು ಬೇಕಾಗಿದ್ದುದು ನನ್ನ ಹೆಂಡತಿಗೆ. ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ದಿನವಿಡೀ ಹೊಲಿಗೆ ಮಿಷನ್ನುಗಳ ಸದ್ದು ಕೇಳಿ ಬರುತ್ತಿದ್ದಳು. ಬಂದವಳೇ ತೊಟ್ಟಿಯ ಮುಂದೆ ಒಂದರ್ಧ ಗಂಟೆ ಮಾತಿಲ್ಲದೆ ಕೂರುತ್ತಿದ್ದಳು. ನಾಲ್ಕಡಿ ಉದ್ದದ ತೊಟ್ಟಿ, ಒಳಗೆ ಆರು ಗೋಲ್ಡ್‌ಫಿಶ್. ಚಂದದ ಮೀನು, ಗಲೀಜೂ ಅಷ್ಟೇ. ಎರಡು ತಿಂಗಳಲ್ಲಿ ಗಾಜಿನ ಮೇಲೆಲ್ಲ ಹಸಿರು ಪಾಚಿ. ಪ್ರತಿ ಭಾನುವಾರ ನಾನು ಉಜ್ಜುವುದು, ಬುಧವಾರದ ಹೊತ್ತಿಗೆ ಮತ್ತೆ ಹಸಿರಾಗುವುದು.

ಕಾರ್ಖಾನೆಯ ಸ್ಟೋರ್ಸಿನ ಕಂಪ್ಯೂಟರಿನಲ್ಲಿ ಹುಡುಕಿದಾಗ ಒಂದು ಉಪಾಯ ಸಿಕ್ಕಿತು: ಪಾಚಿಯನ್ನು ಓಡಿಸಲು ಪಾಚಿಯನ್ನೇ ಸಾಕುವುದು. ತೊಟ್ಟಿಯ ಹೊರಗೆ ಒಂದು ಪೆಟ್ಟಿಗೆ. ಅದರೊಳಗೆ ನೇತುಹಾಕಿದ ಪ್ಲಾಸ್ಟಿಕ್ ಜಾಲರಿ. ಮೇಲೆ ಅಡ್ಡಲಾಗಿ ಒಂದು ಪೈಪ್, ಅದರ ಹೊಟ್ಟೆಗೆ ಉದ್ದಕ್ಕೂ ಒಂದು ಸೀಳು. ತೊಟ್ಟಿಯ ನೀರನ್ನು ಪಂಪು ಪೈಪಿಗೆ ಎತ್ತಿದರೆ, ಸೀಳಿನಿಂದ ಇಳಿದು ಜಾಲರಿಯ ಎರಡೂ ಬದಿಗೆ ತೆಳುವಾದ ಪರದೆಯಂತೆ ಹರಿದು, ಕೆಳಗಿನ ಪೈಪಿನಿಂದ ವಾಪಸ್ ತೊಟ್ಟಿಗೆ ಸೇರಬೇಕು. ಪಕ್ಕದಲ್ಲಿ ಲೈಟು. ಬೆಳಕೂ ಹರಿಯುವ ನೀರೂ ಅಲ್ಲಿ ಧಾರಾಳವಾಗಿ ಸಿಗುವುದರಿಂದ ಪಾಚಿ ಅಲ್ಲೇ ಬೆಳೆದು, ನೀರಿನ ಕೊಳೆಯನ್ನೆಲ್ಲ ತಾನೇ ತಿಂದುಬಿಡುತ್ತದೆ. ತೊಟ್ಟಿಯೊಳಗಿನ ಪಾಚಿಗೆ ಏನೂ ಉಳಿಯುವುದಿಲ್ಲ. ವಾರಕ್ಕೊಮ್ಮೆ ಜಾಲರಿ ಕೆರೆದು ಬಿಸಾಡಿದರಾಯಿತು. ಅಲ್ಲಿ ಬರೆದವರು ಅದಕ್ಕೆ ಆಲ್ಗೀ ಸ್ಕ್ರಬ್ಬರ್ ಅನ್ನುತ್ತಿದ್ದರು. ನನ್ನ ಹೆಂಡತಿ ಪಾಚಿ ಪೆಟ್ಟಿಗೆ ಅಂದಳು.

ನಾನೇ ಮಾಡಿದೆ. ಫ್ಯಾನ್ಸಿ ಸ್ಟೋರಿನಲ್ಲಿ ಉಲ್ಲನ್ ಕಸೂತಿಗೆ ಮಾರುವ ಪ್ಲಾಸ್ಟಿಕ್ ಜಾಲರಿ, ಆ್ಯಕ್ರಿಲಿಕ್ ಹಾಳೆಯ ಪೆಟ್ಟಿಗೆ, ಎರಡು ಸಿಎಫ್‌ಎಲ್ ಬಲ್ಬು. ಆದರೆ ನೀರು ಹೇಳಿದ ಮಾತು ಕೇಳಲಿಲ್ಲ. ಪಂಪಿನ ಕಡೆಯ ಗೇಣುದ್ದ ಜಾಲರಿಯ ಮೇಲೆ ಹರಿಯುತ್ತಿತ್ತು, ಉಳಿದದ್ದು ಅರೆ ಒದ್ದೆ. ನೀರು ಹರಿದಲ್ಲಿ ಪಾಚಿ ಹಸಿರು ಕೂದಲಿನ ಹಾಗೆ ಬೆಳೆಯಿತು. ಹರಿಯದಲ್ಲಿ ಹಳದಿ ತಿರುಗಿ, ಕೊಳೆತು, ಕಳಚಿ ತೊಟ್ಟಿಗೇ ಬೀಳುತ್ತಿತ್ತು. ಮೊದಲಿಗಿಂತ ನೀರು ಹೆಚ್ಚು ಕೆಟ್ಟಿತು. ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡತೊಡಗಿದವು.

ಕರೆಂಟಿನ ಕೆಲಸದವನಿಗೆ ಎಲ್ಲ ರೋಗಕ್ಕೂ ದೊಡ್ಡ ಮೋಟಾರೇ ಮದ್ದು. ಸೀಳು ಸರಿಯಾಗಿದೆಯೇ ಅಂತ ನಾನು ನೋಡಲಿಲ್ಲ. ಒಂದು ಶನಿವಾರ ಮೂರು ಪಟ್ಟು ಶಕ್ತಿಯ ಪಂಪ್ ತಂದು ತೊಟ್ಟಿಯ ತಳದಲ್ಲಿ ಕೂರಿಸಿದೆ. ಸ್ವಿಚ್ ಹಾಕಿದ ಕೂಡಲೇ ಜಾಲರಿಯ ಈ ತುದಿಯಿಂದ ಆ ತುದಿಗೆ ನೀರು ಗಾಜಿನ ಹಾಳೆಯಂತೆ ಇಳಿಯಿತು. ನನಗೆ ಖುಷಿಯೋ ಖುಷಿ.

ಹೆಂಡತಿ ಬಗ್ಗಿ ಕೆಳಗಿನ ಪೈಪು ನೋಡಿದಳು. "ಮೇಲೆ ಇಷ್ಟೊಂದು ನೀರು ಬರ್ತಿದೆ, ವಾಪಸ್ ಹೋಗೋ ಪೈಪು ಹಳೇದೇ ಅಲ್ವೇನ್ರೀ?"

"ಹೋಗ್ತಿದೆಯಲ್ಲ, ಕಾಣಲ್ವಾ?" ಅಂದೆ.

ಮಾರನೇ ದಿನ ಭಾನುವಾರ ಬೆಳಗ್ಗೆವರೆಗೂ ಹೋಗುತ್ತಲೇ ಇತ್ತು. ಹನ್ನೊಂದು ಗಂಟೆಗೆ ಇಬ್ಬರೂ ತರಕಾರಿಗೆ ಅಂತ ಸಂತೆಗೆ ಹೋದೆವು. ಒಂದೂವರೆ ಗಂಟೆ ಬಿಟ್ಟು ವಾಪಸ್ ಬಂದು ಗೇಟಿನ ಚಿಲಕ ತೆಗೆಯುವಾಗ ಕೆಳಗಿನ ಮನೆಯಿಂದ ಕಿರುಚಿದ್ದು ಕೇಳಿಸಿತು.

ಓನರ್ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಹಾಲಿನ ನೆಲದ ಮೇಲೆಲ್ಲ ನೀರು. ಸ್ವಿಚ್‌ಬೋರ್ಡಿನ ಒಳಗಿಂದ ಸಣ್ಣ ಧಾರೆಯಾಗಿ ಹೊರಬಂದು ಗೋಡೆಯುದ್ದಕ್ಕೂ ಇಳಿಯುತ್ತಿತ್ತು. ಬೋರ್ಡಿನ ಕೆಳಗೆ ನೀರಿನಲ್ಲಿ ಅಜ್ಜಿ ಬಿದ್ದಿದ್ದರು. ಪಕ್ಕದಲ್ಲಿ ನೆಲ ಒರೆಸುವ ಬಟ್ಟೆ.

"ಅಣ್ಣಾ, ನೀರು ಒರ್ಸ್ತಿದ್ರು, ಫ್ಯಾನ್ ಆರ್ಸಕ್ಕೆ ಅಂತ ಸ್ವಿಚ್ ಮುಟ್ಟಿದ್ರು, ಬಿದ್ಬಿಟ್ರು ಅಣ್ಣಾ!"

"ಯಾರೂ ಮುಟ್ಬೇಡಿ!" ಅಂತ ಕೂಗಿ ಜಗುಲಿಯ ಮೀಟರ್ ಬೋರ್ಡಿಗೆ ಓಡಿದೆ. ಮೇನ್ ಸ್ವಿಚ್ ಕೆಳಗೆ ಎಳೆದೆ. "ಆಫ್ ಮಾಡಿದೀನಿ ಅಕ್ಕಾ, ಎತ್ತಿ, ಎತ್ತಿ!"

ಆಕೆ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದರು. ನಾನು ತಿರುಗಿದೆ. ಹಾಲಿನ ಫ್ಯಾನು ತಿರುಗುತ್ತಲೇ ಇತ್ತು. ನಿಂತುಹೋಗುವ ಮುಂಚಿನ ತಿರುಗಾಟವಲ್ಲ ಅದು, ಅದೇ ವೇಗ. ಜಗುಲಿಯ ಮೆಟ್ಟಿಲಿನ ಕೆಳಗಿಂದ ಇನ್ವರ್ಟರ್ ಕುಯ್ ಕುಯ್ ಅಂತ ಕೂಗಲು ಶುರುಮಾಡಿತು. ಮೇನ್ ಹೋದ ಕೂಡಲೇ ಅದು ತನ್ನ ಕೆಲಸ ಮಾಡಿತ್ತು. ನಾನೇ ಎಳೆದ ವೈರಿನ ಮೂಲಕ ಆ ಒದ್ದೆ ಬೋರ್ಡಿಗೆ ಮತ್ತೆ ಕರೆಂಟ್ ಕೊಟ್ಟಿತ್ತು.

"ನಿಲ್ಲೀ!" ಅಂತ ಕಿರುಚಿದೆ. ಆ ದನಿ ನನ್ನದು ಅಂತ ನನಗೇ ಗೊತ್ತಾಗಲಿಲ್ಲ. ಆಕೆ ನಿಂತರು. ಒಂದು ಕಾಲು ನೀರಿನ ಅಂಚಿನ ಮೇಲೆ, ಎತ್ತಿದಲ್ಲೇ.

ಇನ್ವರ್ಟರಿನ ಬಟನ್ ಯಾವ ಕಡೆ ಇದೆ ಅನ್ನುವುದೇ ಮರೆತುಹೋಗಿತ್ತು. ಬ್ಯಾಟರಿಯ ತಂತಿಯನ್ನೇ ಎರಡೂ ಕೈಯಲ್ಲಿ ಹಿಡಿದು ಕಿತ್ತೆ. ಕಿಡಿ ಹಾರಿತು. ಫ್ಯಾನು ನಿಧಾನವಾಯಿತು. ಆಗಲೂ ನೀರಿಗೆ ಕಾಲಿಡಲಿಲ್ಲ. ಬಗ್ಗಿ, ಬೆರಳಿನ ಹಿಂಬದಿಯಿಂದ ನೀರನ್ನು ಮುಟ್ಟಿ ನೋಡಿದೆ. ಏನೂ ಆಗಲಿಲ್ಲ. ಓಡಿಹೋಗಿ ಅಜ್ಜಿಯ ತಲೆ ಎತ್ತಿದೆ.

ಕಣ್ಣು ತೆರೆದೇ ಇತ್ತು. ಉಸಿರಿತ್ತು. ತುಟಿ ಅಲುಗುತ್ತಿತ್ತು, ಮಾತು ಬರುತ್ತಿರಲಿಲ್ಲ. ಬಲಗೈಯ ಎರಡು ಬೆರಳ ತುದಿಯಲ್ಲಿ ಹುರುಳಿಕಾಳಿನಷ್ಟು ಬೆಳ್ಳಗೆ ಸುಟ್ಟ ಗುರುತು. ನನ್ನ ಹೆಂಡತಿ ಆಟೋ ನಿಲ್ಲಿಸಿ ತಂದಳು. ನಾನೂ ಓನರ್ ಹೆಂಡತಿಯೂ ಅಜ್ಜಿಯನ್ನು ನಡುವೆ ಕೂರಿಸಿಕೊಂಡು ನರ್ಸಿಂಗ್ ಹೋಮಿಗೆ ಹೊರಟೆವು. ದಾರಿಯುದ್ದಕ್ಕೂ ಅಜ್ಜಿಯ ಮಣಿಕಟ್ಟಿನ ನಾಡಿ ಹಿಡಿದುಕೊಂಡೇ ಇದ್ದೆ. ಒಂದು ಬಡಿತ ತಪ್ಪಿದಂತಾದರೆ ಬೆರಳನ್ನು ಇನ್ನಷ್ಟು ಒತ್ತಿ ಹುಡುಕುತ್ತಿದ್ದೆ.

ಡಾಕ್ಟರ್ ಇಸಿಜಿ ತೆಗೆದು, "ಹೃದಯದ ಬಡಿತ ಸ್ವಲ್ಪ ಏರುಪೇರಿದೆ. ಎರಡು ದಿನ ಇಲ್ಲೇ ಇರಲಿ, ನೋಡೋಣ" ಅಂದರು. ನೋಡೋಣ ಅನ್ನುವುದರ ಅರ್ಥವೇನು ಅಂತ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಓನರ್ ಬಂದರು. ಟೆಂಪೋ ಎಲ್ಲಿ ಬಿಟ್ಟು ಬಂದರೋ, ಕೈಯೆಲ್ಲ ಗ್ರೀಸ್. ಹೆಂಡತಿ ಅಳುತ್ತಾ ಹೇಳಿದ್ದನ್ನೆಲ್ಲ ಕೇಳಿದರು. "ಮೇಲಿಂದ ನೀರು ಅಂದ್ರೆ ಟ್ಯಾಂಕ್ ತುಂಬಿ ಹರಿದಿದೆ. ಮೋಟ್ರು ಆಫ್ ಮಾಡೋದು ಮರ್ತಿದೀಯ ನೀನು."

"ಮಾಡಿದ್ದೆ ರೀ."

"ಮಾಡಿದ್ರೆ ನೀರೆಲ್ಲಿಂದ ಬರುತ್ತೆ?"

"ಮಾಡಿದ್ದೆ ಅನ್ಸುತ್ತೆ..." ಆಕೆಯ ದನಿ ಕುಗ್ಗಿತು. ನೋಡನೋಡುತ್ತಿದ್ದಂತೆ ಆಕೆಗೆ ತನ್ನ ಮೇಲೇ ಅನುಮಾನ ಬಂತು.

ತಾರಸಿ ಮೇಲಿನ ಟ್ಯಾಂಕ್ ಅಲ್ಲ, ನನ್ನ ಮನೆಯ ಮೀನಿನ ತೊಟ್ಟಿ ಅಂತ ನನಗೆ ಆ ಹೊತ್ತಿಗೆ ಗೊತ್ತಿತ್ತು. ಬೋರ್ಡಿನಿಂದ ನೀರು ಇಳಿಯುವುದನ್ನು ಕಂಡ ಗಳಿಗೆಯಲ್ಲೇ ಗೊತ್ತಾಗಿತ್ತು. ಒಂದೇ ಒಂದು ಮಾತು ಆಡಬೇಕಿತ್ತು. ಅಜ್ಜಿ ಸತ್ತರೆ? ಪೊಲೀಸ್ ಬಂದರೆ? ಎಲೆಕ್ಟ್ರಿಷಿಯನ್ನನೇ ಹೀಗೆ ಮಾಡಿದ ಅಂತ ಕಾರ್ಖಾನೆಗೆ ಗೊತ್ತಾದರೆ? ಬೆಂಚಿನ ಮೇಲೆ ಕೂತು ನೆಲ ನೋಡಿದೆ.

ಸಂಜೆ ಮನೆಗೆ ಬಂದಾಗ ಹೆಂಡತಿ ನಮ್ಮ ಹಾಲಿನ ನೆಲವನ್ನೆಲ್ಲ ಒರೆಸಿ ಒಣಗಿಸಿದ್ದಳು. ಪಾಚಿಯ ಒಂದು ಮುದ್ದೆ ಕೆಳಗಿನ ಪೈಪಿನ ಬಾಯಿಗೆ ಬಿರಡೆಯ ಹಾಗೆ ಕೂತಿತ್ತು. ಪೆಟ್ಟಿಗೆ ತುಂಬಿ ಉಕ್ಕಿತ್ತು. ಪಂಪ್ ತಳದಲ್ಲಿದ್ದುದರಿಂದ ತೊಟ್ಟಿ ಬರಿದಾಗುವ ತನಕ ನೀರೆತ್ತಿ ನೆಲಕ್ಕೆ, ಅಲ್ಲಿಂದ ವೈರಿನ ಪೈಪಿನೊಳಕ್ಕೆ ಸುರಿದಿತ್ತು. ನಾಲ್ಕು ಬೆರಳು ನೀರಿನಲ್ಲಿ ಒಂದರ ಮೇಲೊಂದು ಅಡ್ಡ ಬಿದ್ದು ಒದ್ದಾಡುತ್ತಿದ್ದ ಮೀನುಗಳನ್ನು ಅವಳು ಬಕೆಟ್ಟಿಗೆ ಹಾಕಿದ್ದಳು. ನಾಲ್ಕು ಬದುಕಿದ್ದವು.

"ಹೇಳಿದ್ರಾ?" ಅಂದಳು.

"ಅಜ್ಜಿ ಹುಷಾರಾಗಿ ಮನೆಗೆ ಬರ್ಲಿ, ಹೇಳ್ತೀನಿ."

"ಅಲ್ಲೀತನಕ ಆ ಅಕ್ಕನ ಗತಿಯೇನು?"

ನಾನು ಬಕೆಟ್ಟಿನ ನೀರು ಬದಲಿಸಲು ಎದ್ದೆ. ಅವಳು ಅವತ್ತು ಒಬ್ಬಳೇ ಉಂಡು ಮಲಗಿದಳು.

ಎರಡು ದಿನ ಕೆಲಸಕ್ಕೆ ಹೋದೆ. ಪ್ಯಾನೆಲ್ ಮುಂದೆ ನಿಂತು, ಆಫ್ ಮಾಡಿದ್ದನ್ನು ನಾಲ್ಕು ಸಲ, ಐದು ಸಲ ನೋಡಿದೆ. ಆದರೂ ಎಲ್ಲೋ ನನಗೆ ಗೊತ್ತಿಲ್ಲದ ಇನ್ನೊಂದು ಕಡೆಯಿಂದ ಕರೆಂಟ್ ಬರುತ್ತಿದೆ ಅನಿಸುತ್ತಿತ್ತು. ಜೊತೆಯವನು "ಏನ್ ಗುರು, ಜ್ವರಾನಾ?" ಅಂದ. ಹೌದು ಅಂದೆ. ಮನೆಗೆ ಬಂದರೆ ಕೆಳಗಡೆ ಓನರ್ ತಮ್ಮ ಹೆಂಡತಿಯನ್ನು ಬೈಯುವುದು ಕೇಳಿಸುತ್ತಿತ್ತು. ಮೆಟ್ಟಿಲು ಹತ್ತುವಾಗ ಸದ್ದಾಗದ ಹಾಗೆ ಕಾಲಿಡುತ್ತಿದ್ದೆ.

ಮೂರನೇ ದಿನ ಬೆಳಗ್ಗೆ ಅಜ್ಜಿಯನ್ನು ಕರೆತಂದರು. ಬಂದು ಒಂದು ಗಂಟೆ ಕಳೆಯುವಷ್ಟರಲ್ಲಿ, ರಜೆ ಹಾಕಿ ಮನೆಯಲ್ಲೇ ಇದ್ದ ನನ್ನನ್ನು ಅಜ್ಜಿ ಕೂಗಿಸಿದರು. "ಬೋರ್ಡು ಸರಿ ಮಾಡ್ಕೊಡಪ್ಪ. ಕತ್ಲಾಗೆ ಎಷ್ಟ್ ದಿಸ ಕುಂತ್ಕಳದು."

ಮೇನ್ ತೆಗೆದು, ಇನ್ವರ್ಟರ್ ತಂತಿ ಬಿಚ್ಚಿ, ಬೋರ್ಡಿನ ಸ್ಕ್ರೂ ಕಳಚಿದೆ. ಒಳಗೆ ಹಿತ್ತಾಳೆಯ ತಿರುಪುಗಳ ಮೇಲೆ ಉದ್ದನೆಯ ಹಸಿರು ಎಳೆಗಳು ಅಂಟಿಕೊಂಡಿದ್ದವು. ನನ್ನ ಜಾಲರಿಯ ಪಾಚಿ. ಅಜ್ಜಿ ಮಂಚದ ಮೇಲೆ ಗೋಡೆಗೊರಗಿ ನೋಡುತ್ತಿದ್ದರು.

"ಅದೇನಪ್ಪಾ ಒಳಗೆ ಅಸ್ರುಗೆ?"

ಎಳೆಗಳನ್ನು ಮುಷ್ಟಿಯೊಳಗೆ ಮುದುರಿದೆ. "ಏನಿಲ್ಲ ಅಜ್ಜಿ. ಕೊಳೆ."

"ಕೊಳೆಯಾ?"

"ಹ್ಞೂಂ."

ನಾನು ಹೊಸ ಬೋರ್ಡ್ ಕೂರಿಸಿ ಮೇಲೆ ಹೋದೆ. ಮುಷ್ಟಿ ಬಿಚ್ಚಿದಾಗ ಪಾಚಿ ಅಂಗೈಗೆ ಅಂಟಿತ್ತು. ತೊಳೆದರೂ ಅದರ ವಾಸನೆ ಹೋಗಲಿಲ್ಲ. ಸತ್ಯ ಹೇಳುವ ಭಯ ಒಂದಾದರೆ, ಇಷ್ಟು ಸಲೀಸಾಗಿ ಸುಳ್ಳು ಬಂತಲ್ಲ ಅನ್ನುವುದು ಅದಕ್ಕಿಂತ ದೊಡ್ಡ ಭಯವಾಯಿತು. ಇನ್ನು ಎರಡು ದಿನ ಬಿಟ್ಟರೆ ತಪ್ಪು ಆಕೆಯದೇ ಅಂತ ನಾನೂ ನಂಬಿಬಿಡುತ್ತಿದ್ದೆನೋ ಏನೋ.

ಸಂಜೆ ಟೆಂಪೋ ಸದ್ದು ಕೇಳಿದ ಕೂಡಲೇ ಕೆಳಗಿಳಿದೆ. ಹೆಂಡತಿಯೂ ಹಿಂದೆಯೇ ಬಂದಳು. ಮೂವರೂ ಹಾಲಿನಲ್ಲಿದ್ದರು. ನಿಂತುಕೊಂಡೇ ಹೇಳಿದೆ. ದೊಡ್ಡ ಪಂಪು, ಸಣ್ಣ ಪೈಪು, ನೆಲಕ್ಕೆ ಸಮ ಕೊಯ್ದ ತೂತು, ಆಸ್ಪತ್ರೆಯಲ್ಲಿ ಬಾಯಿ ಮುಚ್ಚಿಕೊಂಡದ್ದು, ಬೆಳಗ್ಗೆ ಕೊಳೆ ಅಂದದ್ದು, ಎಲ್ಲ. "ಅಕ್ಕ ಮೋಟ್ರು ಆಫ್ ಮಾಡಿದ್ರು ಅಣ್ಣ. ಅವರದೇನೂ ತಪ್ಪಿಲ್ಲ."

ಓನರ್ ನನ್ನನ್ನು ನೋಡಲಿಲ್ಲ. ಹೆಂಡತಿಯನ್ನು ನೋಡಿದರು. ಆಕೆ ಮುಖ ತಿರುಗಿಸಿದರು. ಆಮೇಲೆ ಓನರ್, "ಮನೆ ಖಾಲಿ ಮಾಡಿ" ಅಂದರು.

"ಖಾಲಿ ಮಾಡ್ಸಿದ್ರೆ ಆ ತೂತು ಮುಚ್ಚೋರ್ಯಾರು?" ಅಂದರು ಅಜ್ಜಿ. "ಮೊದ್ಲು ಅದ್ನ ಸರಿ ಮಾಡ್ಲಿ. ಆಮೇಕೆ ನೋಡುವಾ." ನನ್ನ ಕಡೆ ತಿರುಗಿದರು. "ನಂಗೊತ್ತಿತ್ತು ಕಣಪ್ಪ. ಗೋಡೆ ನೀರು ಒರ್ಸ್ವಾಗ್ಲೇ ಮೀನ್ ವಾಸ್ನೆ ಒಡೀತಿತ್ತು. ತಾರ್ಸಿ ಮ್ಯಾಲಿನ್ ಟ್ಯಾಂಕ್ನಾಗೆ ಮೀನ್ ಎಲ್ಲವೆ? ಇವ್ಳನ್ನ ಬೈತಾವ್ನೆ ಅನ್ನದು ಇವತ್ತು ಮನೀಗ್ ಬಂದ್ಮೇಲೇ ತಿಳೀತು. ಬೆಳಿಗ್ಗೆ ನಿನ್ ಬಾಯಿಂದ ಬತ್ತದಾ ಅಂತ ನೋಡ್ದೆ, ಬರ್ಲಿಲ್ಲ. ಇವತ್ತು ಉಣ್ಣಕ್ಕೆ ಕುಂತಾಗ ನಾನೇ ಯೋಳ್ತಿದ್ದೆ."

ಅದರಲ್ಲಿ ಕೋಪವಿರಲಿಲ್ಲ. ಅದಕ್ಕೇ ತಡೆದುಕೊಳ್ಳುವುದು ಕಷ್ಟವಾಯಿತು.

ಮೀನುಗಳನ್ನು ಯಾರಿಗಾದರೂ ಕೊಟ್ಟುಬಿಡೋಣ ಅಂದೆ. ಹೆಂಡತಿ ಒಪ್ಪಲಿಲ್ಲ. "ಹೆದರಿ ಕೊಡೋದಾದ್ರೆ ಬೇಡ. ಮೊದ್ಲು ಸರಿ ಮಾಡಿ, ಆಮೇಲೆ ಬೇಕಾದ್ರೆ ಕೊಡಿ" ಅಂದಳು. ಮುಂದಿನ ಭಾನುವಾರಗಳೆಲ್ಲ ಅದರಲ್ಲೇ ಹೋದವು. ನೆಲದ ತೂತನ್ನು ಸಿಮೆಂಟಿನಿಂದ ಮುಚ್ಚಿ, ವೈರನ್ನು ಹೊರಗೋಡೆಯಿಂದ ತಂದೆ. ಎಲ್ಲೇ ಕರೆಂಟ್ ಸೋರಿದರೂ ತಕ್ಷಣ ಕಡಿಯುವ ಸ್ವಿಚ್ಚನ್ನು ಎರಡೂ ಮನೆಗೆ, ಇನ್ವರ್ಟರಿನ ಲೈನಿಗೂ ಸೇರಿಸಿ, ಹಾಕಿದೆ. ಆಮೇಲೆ ಪಾಚಿ ಪೆಟ್ಟಿಗೆಗೆ ಕೈ ಹಾಕಿದೆ.

ಪೈಪನ್ನು ಬಿಚ್ಚಿ ಬೆಳಕಿಗೆ ಹಿಡಿದಾಗ ನಾಚಿಕೆಯಾಯಿತು. ಸೀಳು ಒಂದು ಕಡೆ ಅಗಲ, ಒಂದು ಕಡೆ ಕೂದಲೆಳೆ. ಬಲ್ಬಿನ ಬೆಳಕು ಸೀಳಿನೊಳಗೂ ಬಿದ್ದು, ಅಲ್ಲೇ ಪಾಚಿ ಬೆಳೆದು ಅರ್ಧ ಮುಚ್ಚಿತ್ತು. ನೀರು ಬಾರದ್ದಕ್ಕೆ ಪಂಪು ಕಾರಣವಾಗಿರಲೇ ಇಲ್ಲ. ಹೊಸ ಪೈಪಿಗೆ ಪಟ್ಟಿಯಿಟ್ಟು ಒಂದೇ ಅಳತೆಯಲ್ಲಿ ಸೀಳಿದೆ, ಒಳಗಿನ ಸಿಬರನ್ನು ಉಪ್ಪುಕಾಗದದಿಂದ ಉಜ್ಜಿದೆ. ಸೀಳಿಗೆ ಬೆಳಕು ಬೀಳದಂತೆ ಕಪ್ಪು ಪಟ್ಟಿ ಕಟ್ಟಿದೆ. ನೀರು ಒಂದೇ ತುದಿಯಿಂದ ಬರುವ ಬದಲು ಎರಡೂ ತುದಿಯಿಂದ ಬರುವಂತೆ ಮಾಡಿದೆ. ವಾಪಸ್ ಪೈಪನ್ನು ಹೆಬ್ಬೆರಳು ಹೋಗುವಷ್ಟರಿಂದ ಮೂರು ಬೆರಳು ಹೋಗುವಷ್ಟಕ್ಕೆ ಏರಿಸಿ, ಅದು ಕಟ್ಟಿಕೊಂಡರೆ ಇರಲಿ ಅಂತ ಮೇಲೆ ಇನ್ನೊಂದು ಪೈಪ್ ಕೊಟ್ಟೆ. ದೊಡ್ಡ ಪಂಪನ್ನು ತೆಗೆದು ಹಳೆಯದನ್ನೇ ಹಾಕಿದೆ. ತಳದಲ್ಲಲ್ಲ, ನೀರಿನ ಮಟ್ಟದಿಂದ ನಾಲ್ಕೇ ಬೆರಳು ಕೆಳಗೆ. ಎಲ್ಲ ಕೆಟ್ಟರೂ ಆ ನಾಲ್ಕು ಬೆರಳಷ್ಟೇ ನೀರು ಹೊರಗೆ ಬರಬೇಕು.

ಸ್ವಿಚ್ ಹಾಕಿದಾಗ ಹಳೆಯ ಪಂಪಿನ ನೀರೇ ಅಂಚಿನಿಂದ ಅಂಚಿಗೆ ಇಳಿಯಿತು. ಪರದೆ ಸ್ವಲ್ಪ ತೆಳು, ಆದರೆ ಎಲ್ಲೂ ತುಂಡಾಗಿರಲಿಲ್ಲ. ಅದನ್ನು ನೋಡಿ ಸಂತೋಷಪಡುವ ಶಕ್ತಿ ನನಗಿರಲಿಲ್ಲ.

ಪರೀಕ್ಷೆ ಬಾಕಿಯಿತ್ತು. ಕೆಳಗಿನವರನ್ನೆಲ್ಲ ಅಂಗಳಕ್ಕೆ ಕಳಿಸಿ, ಕೆಳಮನೆಯ ಮೇನನ್ನೂ ಇನ್ವರ್ಟರನ್ನೂ ತೆಗೆದು, ಬೀಗ ಹಾಕಿ ಬೀಗದ ಕೈಯನ್ನು ಓನರ್ ಹೆಂಡತಿಯ ಕೈಗೇ ಕೊಟ್ಟೆ. ಮೇಲೆ ಬಂದು ವಾಪಸ್ ಪೈಪಿಗೆ ಬಟ್ಟೆ ತುರುಕಿದೆ. ಪೆಟ್ಟಿಗೆಯಲ್ಲಿ ನೀರು ಏರಿತು. ಮೇಲಿನ ಪೈಪಿನಿಂದ ತೊಟ್ಟಿಗೆ ಹೋಯಿತು. ಅದಕ್ಕೂ ಬಟ್ಟೆ ತುರುಕಿದೆ. ಹೆಂಡತಿ ಎರಡು ಬಕೆಟ್ ಹಿಡಿದು ನಿಂತಿದ್ದಳು. ನೀರು ಅಂಚಿಗೆ ಬಂತು, ಉಕ್ಕಿತು, ಕೆಳಗೆ ಹೊಸದಾಗಿ ಇಟ್ಟಿದ್ದ, ತೊಟ್ಟಿಯಷ್ಟೇ ಉದ್ದದ ಆಳವಾದ ತಗಡಿನ ತಟ್ಟೆಗೆ ಸುರಿಯಿತು. ನಾನು ಗೋಡೆ ಹಿಡಿದುಕೊಂಡೆ. ಇಷ್ಟಕ್ಕೆ ನಿಲ್ಲದಿದ್ದರೆ? ಪಂಪು ಗೊರ ಗೊರ ಅಂದು ಗಾಳಿ ಎಳೆಯಿತು. ನೀರು ನಿಂತಿತು. ತಟ್ಟೆ ಮುಕ್ಕಾಲು ತುಂಬಿತ್ತು. ನೆಲ ಒಣಗಿಯೇ ಇತ್ತು.

ನಾವು ಅದೇ ಮನೆಯಲ್ಲಿ ಇನ್ನೂ ಎರಡು ವರ್ಷ ಇದ್ದೆವು. ಓನರ್ ಖಾಲಿ ಮಾಡಿ ಅನ್ನುವ ಮಾತನ್ನು ಮತ್ತೆ ಎತ್ತಲಿಲ್ಲ, ಆದರೆ ಮೊದಲಿನ ಹಾಗೆ ಜಗುಲಿಯಲ್ಲಿ ಕೂರಿಸಿಕೊಂಡು ಮಾತಾಡಲೂ ಇಲ್ಲ. ಅಜ್ಜಿ ಗಟ್ಟಿಯಾದರು. ಆದರೆ ಆ ಎರಡು ಬೆರಳುಗಳಿಗೆ ಸ್ಪರ್ಶ ಪೂರ್ತಿ ಬರಲೇ ಇಲ್ಲ. ಸೊಪ್ಪು ಸೋಸುವಾಗ ಎಡಗೈ ಬಳಸುತ್ತಿದ್ದರು. ನಾನು ಎದುರಿಗಿದ್ದರೆ ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಳ್ಳುತ್ತಿದ್ದರು.

ಓನರ್ ಹೆಂಡತಿ ನನ್ನೊಡನೆ ಮಾತು ಬಿಡಲಿಲ್ಲ. ಬಾಡಿಗೆ, ನೀರು, ಕಸದ ಗಾಡಿ, ಬೇಕಾದಷ್ಟು ಮಾತು. ಅಣ್ಣ ಅನ್ನುವುದನ್ನು ಮಾತ್ರ ನಿಲ್ಲಿಸಿದರು. ಒಂದು ಬೆಳಗ್ಗೆ ಹಿತ್ತಲಿನಲ್ಲಿ ಕೊತ್ತಂಬರಿ ಕೀಳುತ್ತಿದ್ದವರು, ನಾನು ಬೈಕ್ ತೆಗೆಯುವಾಗ ಕೇಳಿದರು:

"ಅವತ್ತು ನೀವು ಎತ್ತಿ ಅಂದ್ರಲ್ಲ. ನಾನು ಇನ್ನೊಂದು ಹೆಜ್ಜೆ ಇಟ್ಟುಬಿಟ್ಟಿದ್ರೆ ಏನಾಗ್ತಿತ್ತು?"

ಏನೂ ಆಗುತ್ತಿರಲಿಲ್ಲ ಅನ್ನಬಹುದಿತ್ತು. "ಗೊತ್ತಿಲ್ಲ ಅಕ್ಕ. ನಾನೂ ದಿನಾ ಅದನ್ನೇ ಯೋಚಿಸ್ತೀನಿ. ಎಷ್ಟೋ ಸಲ ಕನಸಲ್ಲಿ ನೀವು ನಿಲ್ಲೋದೇ ಇಲ್ಲ" ಅಂದೆ.

ಆಕೆ ಬೇರಿನ ಮಣ್ಣು ಕೊಡವಿದರು. "ನಂಗೂ ಅಷ್ಟೆ" ಅಂದು ಸೊಪ್ಪಿನ ಕಟ್ಟು ಎತ್ತಿಕೊಂಡು ಒಳಗೆ ಹೋದರು.